ಮನೋವೈದ್ಯರಾಗುವವರು ಈ ಭಾಗದ ಕಾಲೇಜುಗಳಿಂದಲೇ ಬರಬೇಕು

ಸಂಪಾದಕರಿಗೆ,

ಮಾನ್ಯರೆ,

ನೀಟ್ ಪಿಜಿ ಫಲಿತಾಂಶ ಪ್ರಕಟವಾಗಿ ಸೀಟು ಹಂಚಿಕೆಯ ಸುತ್ತುಗಳು ಶುರುವಾದ ಕೂಡಲೇ ಬಳ್ಳಾರಿ, ರಾಯಚೂರು, ಕೊಪ್ಪಳದ ವೈದ್ಯಕೀಯ ಕಾಲೇಜುಗಳಲ್ಲಿ ಎಂಬಿಬಿಎಸ್ ಮುಗಿಸಿದ ಹುಡುಗ ಹುಡುಗಿಯರು ನನ್ನಂಥ ಹಳೆಯ ವೈದ್ಯರಿಗೂ ಫೋನ್ ಮಾಡಿ, ಯಾವ ವಿಭಾಗ ತೆಗೆದುಕೊಳ್ಳಲಿ ಎಂದು ಕೇಳುವುದುಂಟು. ರೇಡಿಯಾಲಜಿ ಸಿಗುತ್ತದೆಯೇ, ಸಿಗದಿದ್ದರೆ ಚರ್ಮರೋಗವೇ, ಅದೂ ಕೈತಪ್ಪಿದರೆ ಜನರಲ್ ಮೆಡಿಸಿನ್ ಆದೀತೇ ಎಂಬ ಲೆಕ್ಕಾಚಾರದಲ್ಲಿ ಸೈಕಿಯಾಟ್ರಿಯ, ಅಂದರೆ ಮನೋವೈದ್ಯಕೀಯದ ಹೆಸರು ಬರುವುದು ಕಟ್ಟಕಡೆಗೆ, ಅದೂ 'ಏನೂ ಸಿಗದಿದ್ದರೆ ನೋಡೋಣ ಸರ್' ಎಂಬ ಮಾತಿನ ಜೊತೆಗೆ. ನಾನು ಮನೋವೈದ್ಯನಲ್ಲ. ಜನರಲ್ ಮೆಡಿಸಿನ್ ಓದಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ಹಾಗಿದ್ದೂ ಈ ಭಾಗದ ಮಕ್ಕಳು ಈ ವಿಭಾಗವನ್ನು ಮೊದಲ ಆಯ್ಕೆಯಾಗಿಯೇ ಪರಿಗಣಿಸಬೇಕು ಎಂದು ನಾನು ಏಕೆ ಹೇಳುತ್ತೇನೆ ಎಂಬುದನ್ನು ಫೋನಿನಲ್ಲಿ ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ತಮ್ಮ ಪತ್ರಿಕೆಯ ಮೂಲಕ ಹೇಳುವುದು ಮೇಲೆನಿಸಿತು.

ಬಳ್ಳಾರಿಯ ಹೆಸರು ಭಾರತದ ಮನೋವೈದ್ಯಕೀಯದ ಚರಿತ್ರೆಯಲ್ಲಿ ಉಳಿದುಕೊಂಡಿದೆ ಎಂಬ ಸಂಗತಿ ಇಲ್ಲಿಯೇ ಓದುತ್ತಿರುವ ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತಿದೆಯೋ ನಾನರಿಯೆ. 1982ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದಾಗ, ದೊಡ್ಡ ಊರಿನ ಮಾನಸಿಕ ಆಸ್ಪತ್ರೆಯ ಗೋಡೆಯೊಳಗಿದ್ದ ಚಿಕಿತ್ಸೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ತಲುಪಿಸುವ ಬಗೆ ಹೇಗೆ ಎಂಬುದಿನ್ನೂ ಪ್ರಶ್ನೆಯಾಗಿಯೇ ಇತ್ತು. ನಿಮ್ಹಾನ್ಸ್ ಸಂಸ್ಥೆಯವರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಸಣ್ಣ ಪ್ರಮಾಣದಲ್ಲಿ ಮಾಡಿ ನೋಡಿದ್ದನ್ನು ಇಡೀ ಒಂದು ಜಿಲ್ಲೆಗೆ ವಿಸ್ತರಿಸಲು ಆರಿಸಿಕೊಂಡದ್ದು ಬಳ್ಳಾರಿಯನ್ನು. ಆಗ ಸುಮಾರು 20 ಲಕ್ಷ ಜನಸಂಖ್ಯೆಯಿದ್ದ ಈ ಜಿಲ್ಲೆಯಲ್ಲಿ 1985ರಿಂದ 1990ರವರೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ತೀವ್ರ ಮಾನಸಿಕ ಕಾಯಿಲೆ, ಖಿನ್ನತೆ, ಮೂರ್ಛೆ ರೋಗಗಳಿಗೆ ಬೇಕಾದ ಕೆಲವೇ ಮಾತ್ರೆಗಳು ಅಲ್ಲಿಯೇ ಸಿಗುವಂತೆ ಮಾಡಲಾಯಿತು. 'ಬಳ್ಳಾರಿ ಮಾದರಿ' ಎಂದೇ ಹೆಸರಾದ ಈ ಪ್ರಯೋಗವನ್ನು ಆಧರಿಸಿ 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಇಂದು ದೇಶದ ಬಹುತೇಕ ಜಿಲ್ಲೆಗಳಲ್ಲಿ ಅದು ಜಾರಿಯಲ್ಲಿದೆ. ಇಷ್ಟೆಲ್ಲ ಆಗಿ ಮೂರೂವರೆ ದಶಕ ಕಳೆದರೂ, ಹಳ್ಳಿಯಲ್ಲಿ ಒಬ್ಬ ಹುಡುಗ ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ತನ್ನಷ್ಟಕ್ಕೆ ತಾನು ಮಾತಾಡತೊಡಗಿ ಊಟ ನಿದ್ದೆ ಬಿಟ್ಟರೆ ಅವನ ತಂದೆತಾಯಿಗೆ ಸಿಗುವ ಸಲಹೆ ಧಾರವಾಡಕ್ಕೆ ಒಯ್ಯಿರಿ ಅಥವಾ ಬೆಂಗಳೂರಿಗೆ ಒಯ್ಯಿರಿ ಎಂಬುದೇ. ಒಂದು ಸಲ ಹೇಗೋ ಒಯ್ಯುತ್ತಾರೆ. ತಿಂಗಳು ತಿಂಗಳೂ ಇಬ್ಬರ ಕೂಲಿ ಬಿಟ್ಟು, ಬಸ್ಸಿಗೂ ಊಟಕ್ಕೂ ಸಾಲ ಮಾಡಿ ಹೋಗುವುದು ಸಾಧ್ಯವಾಗದೆ ಮಾತ್ರೆ ನಿಲ್ಲುತ್ತದೆ, ಕಾಯಿಲೆ ಮರುಕಳಿಸುತ್ತದೆ, ಆಗ 'ಇಂಗ್ಲಿಷ್ ಔಷಧಕ್ಕ ಬಗ್ಗೋದಲ್ಲ ಇದು' ಎಂದು ಊರು ತೀರ್ಮಾನಿಸುತ್ತದೆ.

ಅಂಕಿ ಅಂಶಗಳನ್ನು ಹೆಚ್ಚು ಹೇಳಿ ಓದುಗರನ್ನು ದಣಿಸಲಾರೆ. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆಯಿತ್ತು. ಅವರಲ್ಲಿ ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆ ದಕ್ಕಿರಲಿಲ್ಲ. ಲಕ್ಷ ಜನಕ್ಕೆ ಕನಿಷ್ಠ ಮೂವರು ಮನೋವೈದ್ಯರು ಇರಬೇಕೆಂಬ ಮಾತಿದ್ದರೆ, ನಮ್ಮ ದೇಶದಲ್ಲಿರುವುದು 0.75, ಅಂದರೆ ಪೂರ್ತಿ ಒಬ್ಬರೂ ಅಲ್ಲ. ಆ ಮುಕ್ಕಾಲು ವೈದ್ಯರು ಕೂಡ ಹೆಚ್ಚಾಗಿ ನೆಲೆಸಿರುವುದು ದೊಡ್ಡ ನಗರಗಳಲ್ಲಿ ಎಂಬುದನ್ನು ಲಿಂಗಸುಗೂರು, ಕುಷ್ಟಗಿ, ಸಂಡೂರು, ಸಿರುಗುಪ್ಪದ ಜನಕ್ಕೆ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ವಿದ್ಯಾರ್ಥಿಗಳು ಈ ಕಡೆ ಏಕೆ ಬರುತ್ತಿಲ್ಲ? ಅವರನ್ನು ದೂರುವ ಮೊದಲು ನಾವು ಅವರಿಗೆ ಏನು ತೋರಿಸಿದ್ದೇವೆ ಎಂದು ನೋಡಬೇಕು. ಎಂಬಿಬಿಎಸ್‌ನಲ್ಲಿ ಸೈಕಿಯಾಟ್ರಿಗೆ ಪ್ರತ್ಯೇಕ ಪರೀಕ್ಷೆಯಿಲ್ಲ. ಜನರಲ್ ಮೆಡಿಸಿನ್ ಪತ್ರಿಕೆಯೊಳಗೇ ಚರ್ಮರೋಗದ ಜೊತೆಗೆ ಅದರದ್ದೊಂದು ಪಾಲಿದೆ. ಪ್ರತ್ಯೇಕವಾಗಿ ಪಾಸಾಗಬೇಕಿಲ್ಲದ ವಿಷಯವನ್ನು ನಮ್ಮ ಮಕ್ಕಳು ಎಷ್ಟು ಓದುತ್ತಾರೆ ಎಂಬುದು ಎಲ್ಲ ಪ್ರಾಧ್ಯಾಪಕರಿಗೂ ಗೊತ್ತು. ಇಂಟರ್ನ್‌ಶಿಪ್‌ನಲ್ಲಿ ಸೈಕಿಯಾಟ್ರಿಗೆ ಮೀಸಲಾದ ಅವಧಿ 2 ವಾರ, ಮತ್ತು ಪಿಜಿ ಪ್ರವೇಶ ಪರೀಕ್ಷೆಗೆ ಓದಿಕೊಳ್ಳಲು ರಜೆ ಬೇಕಾದಾಗ ಮೊದಲು ಕತ್ತರಿ ಬೀಳುವುದು ಆ 2 ವಾರಕ್ಕೇ. ಇದರ ಮೇಲೆ, ವಾರ್ಡ್ ರೌಂಡ್ಸಿನಲ್ಲಿ ಹಿರಿಯ ಸರ್ಜನ್‌ಗಳೂ ಫಿಜಿಷಿಯನ್‌ಗಳೂ ರೋಗಿಯ ಮುಂದೆಯೇ 'ಇದು ಸೈಕ್ ಕೇಸು' ಎಂದು ನಕ್ಕು ಮುಂದಿನ ಹಾಸಿಗೆಗೆ ನಡೆಯುವುದನ್ನು ವಿದ್ಯಾರ್ಥಿ ನೋಡುತ್ತಾನೆ. ನಮ್ಮ ಪೀಳಿಗೆಯ ವೈದ್ಯರ ಈ ಚಾಳಿ ವಿದ್ಯಾರ್ಥಿಗಳಿಗೆ ಯಾವ ಪಠ್ಯಕ್ರಮಕ್ಕಿಂತಲೂ ಚೆನ್ನಾಗಿ ಪಾಠ ಹೇಳಿದೆ.

ಈ ವಿಭಾಗದಲ್ಲಿ ವೈದ್ಯಶಾಸ್ತ್ರ ಕಡಿಮೆ, ಮಾತುಕತೆ ಹೆಚ್ಚು ಎಂಬ ಕಲ್ಪನೆಯೂ ವಿದ್ಯಾರ್ಥಿಗಳಲ್ಲಿದೆ. ಕುಡಿತದ ಚಟವಿರುವವನೊಬ್ಬ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ಮೂಳೆ ವಾರ್ಡಿಗೆ ದಾಖಲಾಗುತ್ತಾನೆ ಎನ್ನಿ. ಎರಡನೆಯ ಅಥವಾ ಮೂರನೆಯ ದಿನ ಕೈ ನಡುಗಿ, ಮೈ ಬೆವರಿ, ಗೋಡೆಯ ಮೇಲೆ ಹುಳು ಹರಿದಾಡುತ್ತಿವೆ ಎಂದು ಕೂಗಾಡುತ್ತಾನೆ. ವಾರ್ಡಿನವರು ಅವನ ಕೈಕಾಲು ಕಟ್ಟಿ ಮನೋವೈದ್ಯರಿಗೆ ಹೇಳಿಕಳಿಸುತ್ತಾರೆ. ಇದು ಕುಡಿತ ಏಕಾಏಕಿ ನಿಂತದ್ದರಿಂದ ಬಂದ ಸನ್ನಿ, ಜೀವಕ್ಕೆ ಅಪಾಯವಿರುವ ತುರ್ತುಸ್ಥಿತಿ ಎಂದು ಗುರುತಿಸಿ, ಗ್ಲೂಕೋಸ್ ಹಚ್ಚುವ ಮೊದಲು ಥಯಾಮಿನ್ (ಬಿ1 ವಿಟಮಿನ್) ಕೊಡಬೇಕೆಂಬ ನೆನಪಿಟ್ಟುಕೊಂಡು, ಮಂಪರು ಮದ್ದನ್ನು ಉಸಿರಾಟಕ್ಕೆ ತೊಂದರೆಯಾಗದ ಪ್ರಮಾಣದಲ್ಲಿ ಹೊಂದಿಸುವುದು ಮಾತುಕತೆಯ ಕೆಲಸವೇ? ವಯಸ್ಸಾದ ತಾಯಿ ರಾತ್ರೋರಾತ್ರಿ ಮಕ್ಕಳ ಗುರುತು ಹಿಡಿಯದಂತಾದರೆ ಅದು ರಕ್ತದಲ್ಲಿ ಸೋಡಿಯಂ ಇಳಿದದ್ದೋ, ಮೂತ್ರದ ಸೋಂಕೋ, ಮರೆವಿನ ಕಾಯಿಲೆಯೋ ಎಂದು ಬೇರ್ಪಡಿಸಬೇಕು. ಮನಸ್ಥಿತಿಯ ತೀವ್ರ ಏರಿಳಿತಕ್ಕೆ ಲಿಥಿಯಂ ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ, ಮೂತ್ರಪಿಂಡ, ಥೈರಾಯ್ಡ್ ನೋಡುತ್ತಿರಬೇಕು. ಬೇರೆ ಮದ್ದಿಗೆ ಬಗ್ಗದ ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ಕ್ಲೋಜಪಿನ್ ಕೊಟ್ಟರೆ ಬಿಳಿ ರಕ್ತಕಣಗಳ ಎಣಿಕೆ ತಪ್ಪಬಾರದು. ಸಿನಿಮಾಗಳಲ್ಲಿ ಶಿಕ್ಷೆಯಂತೆ ತೋರಿಸುವ ಕರೆಂಟ್ ಚಿಕಿತ್ಸೆಯನ್ನು ಅರಿವಳಿಕೆಯಿಲ್ಲದೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ನಿಷೇಧಿಸಿದೆ. ಅರಿವಳಿಕೆ ತಜ್ಞರ ಜೊತೆ ನಿಂತು ಕೊಡುವ ಆ ಚಿಕಿತ್ಸೆಯಿಂದ, ಅನ್ನ ನೀರು ಬಿಟ್ಟು ಮರಗಟ್ಟಿ ಮಲಗಿದ್ದ ರೋಗಿಗಳು ಕೆಲವೇ ದಿನಗಳಲ್ಲಿ ಎದ್ದು ಕುಳಿತು ಉಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶರೀರಶಾಸ್ತ್ರ ಇಷ್ಟ, ಔಷಧಶಾಸ್ತ್ರ ಇಷ್ಟ ಎನ್ನುವ ವಿದ್ಯಾರ್ಥಿಗೆ ಇಲ್ಲಿ ಕೆಲಸ ಕಡಿಮೆಯಿಲ್ಲ.

ಆದರೆ ಈ ಭಾಗದ ಮಕ್ಕಳೇ ಬೇಕು ಎಂದು ನಾನು ಪಟ್ಟು ಹಿಡಿಯುವುದಕ್ಕೆ ಕಾರಣ ಬೇರೆ. ಮಿಕ್ಕ ವಿಭಾಗಗಳಲ್ಲಿ ರೋಗಿಯ ಮಾತು ಅರ್ಧಂಬರ್ಧ ತಿಳಿದರೂ ಎಕ್ಸ್‌ರೇ, ಸ್ಕ್ಯಾನ್, ರಕ್ತಪರೀಕ್ಷೆ ಕೈಹಿಡಿಯುತ್ತವೆ. ಮನೋವೈದ್ಯಕೀಯದಲ್ಲಿ ಪರೀಕ್ಷೆಗಳು ಹೆಚ್ಚಾಗಿ ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ನೆರವಾಗುತ್ತವೆಯೇ ಹೊರತು, ಕಾಯಿಲೆ ಯಾವುದೆಂದು ತಿಳಿಯುವುದು ರೋಗಿ ಹೇಳುವ ಮಾತಿನಿಂದ, ಹೇಳುವ ಬಗೆಯಿಂದ, ಹೇಳದೆ ಬಿಟ್ಟದ್ದರಿಂದ. ಮಾನ್ವಿ ಕಡೆಯ ಹಳ್ಳಿಯ ಹೆಣ್ಣುಮಗಳು ಓಪಿಡಿಗೆ ಬಂದು ತನಗೆ ಖಿನ್ನತೆಯಿದೆ ಎನ್ನುವುದಿಲ್ಲ. 'ಎದಿ ಝಲ್ ಅಂತೈತ್ರಿ, ಕೈಕಾಲಾಗ ಶಕ್ತಿನ ಇಲ್ಲ, ನಿದ್ದಿ ಹತ್ತವಲ್ದು, ಒಂದು ಸಲೈನ್ ಹಚ್ಚಿಬಿಡ್ರಿ' ಎನ್ನುತ್ತಾಳೆ. ಬಿಪಿ, ಇಸಿಜಿ, ಹಿಮೋಗ್ಲೋಬಿನ್ ನೋಡಿ ಏನೂ ಇಲ್ಲವೆಂದು ಬಿ ಕಾಂಪ್ಲೆಕ್ಸ್ ಸೂಜಿ ಕೊಟ್ಟು ಕಳಿಸಿದರೆ ಮುಂದಿನ ವಾರ ಬೇರೆ ಆಸ್ಪತ್ರೆಗೆ ಹೋಗುತ್ತಾಳೆ. ಗಂಡ ಗುಳೆ ಹೋಗಿ ಎಷ್ಟು ದಿನವಾಯಿತು, ಸಂಘದ ಸಾಲದ ವಾರದ ಕಂತು ಯಾರು ಕಟ್ಟುತ್ತಿದ್ದಾರೆ, ಮನೆಯಲ್ಲಿ ಅತ್ತೆ ಹೇಗೆ, ನಸುಕಿನಲ್ಲಿ ಎಚ್ಚರವಾದಾಗ ಮನಸ್ಸಿಗೆ ಏನು ಬರುತ್ತದೆ ಎಂದು ಒಂದೊಂದಾಗಿ, ಅವಸರವಿಲ್ಲದೆ, ಅವಳದೇ ಮಾತಿನಲ್ಲಿ ಕೇಳಬಲ್ಲವರು ಬೇಕು. ಬೇರೆ ರಾಜ್ಯದಿಂದ ಬಂದು ದುಭಾಷಿಯಾಗಿ ನರ್ಸನ್ನು ನಿಲ್ಲಿಸಿಕೊಂಡು ಪ್ರಶ್ನೆ ಕೇಳುವ ವೈದ್ಯರು ಎಷ್ಟೇ ಬುದ್ಧಿವಂತರಾದರೂ ಮೂರನೆಯವರ ಎದುರು ಆ ಹೆಣ್ಣುಮಗಳು ಬಾಯಿ ಬಿಡುವುದಿಲ್ಲ. ನಮ್ಮಲ್ಲಿ ಓದಿದ ಹುಡುಗರಿಗೆ ಕನ್ನಡದ ಜೊತೆಗೆ ತೆಲುಗೋ ಉರ್ದುವೋ ಲಂಬಾಣಿಯೋ ಸಲೀಸಾಗಿ ಬರುತ್ತದೆ. ಇದನ್ನು ಅವರು ಎಂದೂ ತಮ್ಮ ವೃತ್ತಿಯ ಅರ್ಹತೆ ಎಂದು ಎಣಿಸಿದವರಲ್ಲ. ಮನೋವೈದ್ಯರಿಗೆ ಇದು ದೊಡ್ಡ ಅರ್ಹತೆ.

ದೇವರು, ದೆವ್ವ, ಮಾಟದ ವಿಷಯದಲ್ಲಿಯೂ ಅಷ್ಟೇ. ಹುಲಿಗೆಮ್ಮನ ಗುಡಿಗೋ ಊರ ದರ್ಗಾಕ್ಕೋ ಹೋಗಿಬಂದ ಮೇಲೆಯೇ ನಮ್ಮ ಜನ ಆಸ್ಪತ್ರೆಗೆ ಬರುವುದು. ಕೆಲವರು ಎರಡನ್ನೂ ಬಿಡುವುದಿಲ್ಲ. ಇದನ್ನು ಮೂಢನಂಬಿಕೆ ಎಂದು ಬೈದು ಕಳಿಸಿದ ವೈದ್ಯರ ಬಳಿಗೆ ಅವರು ಮತ್ತೆ ಬರಲಾರರು. ಹರಕೆ ತೀರಿಸಿರಿ, ಮಾತ್ರೆಯನ್ನೂ ನುಂಗಿಸಿರಿ, ಆದರೆ ಸರಪಳಿ ಹಾಕಿ ಕಟ್ಟಿಹಾಕಬೇಡಿರಿ ಎಂದು ಮನವೊಲಿಸುವವರು ಬೇಕು. ತಮಿಳುನಾಡಿನ ಏರ್ವಾಡಿಯ ದರ್ಗಾದ ಬಳಿ ಮಾನಸಿಕ ರೋಗಿಗಳನ್ನು ಇರಿಸಿಕೊಂಡಿದ್ದ ಆಶ್ರಯತಾಣಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ ಕಾರಣಕ್ಕೆ ಓಡಲಾರದೆ ಸತ್ತ ಮಾನಸಿಕ ರೋಗಿಗಳ ಸಂಖ್ಯೆ 28. ಸರಪಳಿಯನ್ನು ಈಗ ಕಾಯ್ದೆಯೇ ನಿಷೇಧಿಸಿದೆಯಾದರೂ ಬಾಗಿಲು ಹಾಕಿದ ಮನೆಯೊಳಗೆ ಕಾಯ್ದೆ ತಾನಾಗಿ ಹೋಗುವುದಿಲ್ಲ. ಹೆರಿಗೆಯಾದ ಕೆಲವೇ ದಿನಗಳಲ್ಲಿ ನಿದ್ದೆ ಬಿಟ್ಟು, ಕೂಸನ್ನು ತನ್ನದಲ್ಲ ಎನ್ನುವ ಹೆಣ್ಣುಮಗಳಿಗೆ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುವವರು ಇಂದಿಗೂ ಇದ್ದಾರೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣುವ ಈ ಬಾಣಂತಿ ಸನ್ನಿ, ತಾಯಿ ಮಗು ಇಬ್ಬರ ಜೀವಕ್ಕೂ ಎರವಾಗಬಲ್ಲದು; ಸಕಾಲಕ್ಕೆ ಚಿಕಿತ್ಸೆ ಸಿಕ್ಕರೆ ಬಹುಪಾಲು ಪೂರ್ತಿ ಗುಣವಾಗುವಂಥದ್ದು ಕೂಡ. ಹೆರಿಗೆಗಳು ಇಷ್ಟೊಂದು ನಡೆಯುವ ನಮ್ಮ ಜಿಲ್ಲೆಗಳಲ್ಲಿ ಇದನ್ನು ಕಂಡ ಕೂಡಲೇ ಗುರುತಿಸುವ ಕಣ್ಣು ಎಷ್ಟು ಜನಕ್ಕಿದೆ?

ಇನ್ನು ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು, ಎಣ್ಣೆ, ಅಂದರೆ ಬೆಳೆಗೆ ಹೊಡೆಯುವ ಕೀಟನಾಶಕ, ಕುಡಿದು ಬಂದವರು. ತುಂಗಭದ್ರಾ ಕಾಲುವೆಯ ಭತ್ತದ ಸೀಮೆಯಲ್ಲಿ, ಹತ್ತಿ ಮೆಣಸಿನಕಾಯಿ ಬೆಳೆಯುವ ಎರೆ ಹೊಲಗಳ ಊರುಗಳಲ್ಲಿ ಸಿಂಪಡಿಸುವ ಕೀಟನಾಶಕದ ಡಬ್ಬಿ ಕೈಗೆಟಕುವಲ್ಲಿಯೇ ಇರುತ್ತದೆ. ಸಿಟ್ಟಿನ, ಅವಮಾನದ, ಸಾಲದ ಒಂದು ಗಳಿಗೆ ಸಾಕು. ತುರ್ತು ಘಟಕದಲ್ಲಿ ನಾವು ಹೊಟ್ಟೆ ತೊಳೆಯುತ್ತೇವೆ, ಅಟ್ರೊಪಿನ್ ಕೊಡುತ್ತೇವೆ, ವೆಂಟಿಲೇಟರ್ ಇರುವಲ್ಲಿಗೆ ಸಾಗಿಸುತ್ತೇವೆ, ಪೊಲೀಸರಿಗೆ ತಿಳಿಸುತ್ತೇವೆ. ಬದುಕಿದರೆ ಕೆಲವು ದಿನಗಳಲ್ಲಿ ಡಿಸ್ಚಾರ್ಜ್ ಚೀಟಿ ಬರೆಯುತ್ತೇವೆ. ಒಮ್ಮೆ ಪ್ರಯತ್ನಿಸಿದವರು ಮತ್ತೆ ಪ್ರಯತ್ನಿಸುವ ಸಾಧ್ಯತೆ ಉಳಿದವರಿಗಿಂತ ಬಹಳ ಹೆಚ್ಚು ಎಂದು ಪುಸ್ತಕದಲ್ಲಿ ಓದಿದ ನಾವೇ, ಅವರು ಏಕೆ ಕುಡಿದರು ಎಂದು ಕೂತು ಕೇಳುವವರಿಲ್ಲದೆ ಅವರನ್ನು ಅದೇ ಮನೆಗೆ, ಅದೇ ಡಬ್ಬಿಯ ಬಳಿಗೆ ಕಳಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈಯೂ ಸೇರಿದಂತೆ ಐದು ದೇಶಗಳ ಐದು ಊರುಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸ್ಪತ್ರೆ ಬಿಡುವ ಮೊದಲು ಸುಮಾರು ಒಂದು ತಾಸು ಮಾತಾಡಿಸಿ ಆಮೇಲೆ 18 ತಿಂಗಳ ಕಾಲ ಆಗಾಗ ಫೋನ್ ಮಾಡಿಯೋ ಮನೆಗೆ ಹೋಗಿಯೋ ವಿಚಾರಿಸಿಕೊಂಡವರಲ್ಲಿ ಆತ್ಮಹತ್ಯೆಯ ಸಾವು ಶೇ 0.2, ಎಂದಿನಂತೆ ಕಳಿಸಿಕೊಟ್ಟವರಲ್ಲಿ ಶೇ 2.2. ಯಂತ್ರವಿಲ್ಲ, ದುಬಾರಿ ಔಷಧವಿಲ್ಲ; ಇದಕ್ಕೆ ಬೇಕಾದದ್ದು ತರಬೇತಾದ ಜನ, ಮತ್ತು ಅವರನ್ನು ತರಬೇತುಗೊಳಿಸಿ ಕೆಲಸ ನೋಡಿಕೊಳ್ಳುವ ಒಬ್ಬ ಮನೋವೈದ್ಯ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರ ಸಂಖ್ಯೆ 1,70,924 ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹೇಳುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ ಆರೈಕೆ ಒದಗಿಸಬೇಕು ಎಂದು 2017ರ ಕಾಯ್ದೆಯ 115ನೇ ಸೆಕ್ಷನ್ ಸ್ಪಷ್ಟವಾಗಿ ಹೇಳಿದೆ. ಆ ಆರೈಕೆ ಒದಗಿಸುವವರು ಯಾರು ಎಂಬಲ್ಲಿಗೆ ಮಾತು ಮತ್ತೆ ನಮ್ಮ ವಿದ್ಯಾರ್ಥಿಗಳ ಬಳಿಗೇ ಬರುತ್ತದೆ.

ಹಣದ ಮಾತು ಎತ್ತುವುದು ಸಭ್ಯತೆಯಲ್ಲ ಎನ್ನುವವರಿದ್ದಾರೆ. ಎಂಟು ಒಂಬತ್ತು ವರ್ಷ ಓದುವ ಮಕ್ಕಳ ತಂದೆತಾಯಿ ಅದನ್ನು ಕೇಳದೆ ಇನ್ನೇನು ಕೇಳಿಯಾರು? ರೇಡಿಯಾಲಜಿ ಓದಿದವರು ಸ್ವಂತ ಕೇಂದ್ರ ತೆರೆಯಬೇಕಾದರೆ ಯಂತ್ರಗಳಿಗೇ ಕೋಟಿಗಟ್ಟಲೆ ಸಾಲ ಬೇಕು. ಮನೋವೈದ್ಯರಿಗೆ ಸದ್ದುಗದ್ದಲವಿಲ್ಲದ ಒಂದು ಕೋಣೆ, ಕುರ್ಚಿಗಳು, ಬಿಪಿ ನೋಡುವ ಉಪಕರಣ ಇದ್ದರೆ ಕೆಲಸ ಆರಂಭವಾಗುತ್ತದೆ. ನಡುರಾತ್ರಿಯ ಕರೆಗಳು ಹೆರಿಗೆ ಅಥವಾ ಶಸ್ತ್ರಚಿಕಿತ್ಸೆಯ ವಿಭಾಗಗಳಷ್ಟು ಬರುವುದಿಲ್ಲ. ಇಷ್ಟು ಜನಸಂಖ್ಯೆಗೆ ಇಷ್ಟು ಕಡಿಮೆ ವೈದ್ಯರಿರುವಲ್ಲಿ ರೋಗಿಗಳಿಗೆ ಬರವೂ ಇಲ್ಲ. ಹುಚ್ಚರ ಡಾಕ್ಟರಿಗೆ ಹೆಣ್ಣು ಯಾರು ಕೊಡುತ್ತಾರೆ ಎಂದು ಒಬ್ಬ ತಂದೆ ನನ್ನೆದುರೇ ಕೇಳಿದ್ದರು. ಅವರ ಮಗ ಕೊನೆಗೆ ಬೇರೆ ವಿಭಾಗ ಸೇರಿದ, ಮದುವೆ ಇನ್ನೂ ಆಗಿಲ್ಲ. ರೋಗಿಗಳು ಮೇಲೆ ಬೀಳುತ್ತಾರೆಂಬ ಭಯವೂ ಹೆಚ್ಚಾಗಿ ಕೇಳಿದ್ದರಿಂದ ಬಂದದ್ದೇ. ನನ್ನ ಅನುಭವದಲ್ಲಿ ವೈದ್ಯರ ಮೇಲೆ ಕೈ ಎತ್ತುವವರು ರೋಗಿಗಳಿಗಿಂತ ಹೆಚ್ಚಾಗಿ ತುರ್ತು ಘಟಕದ ಬಾಗಿಲಲ್ಲಿ ಸೇರುವ ಗುಂಪಿನವರು.

ಇನ್ನೊಂದು ಕೆಲಸ ಹೊರಗಿನವರ ಕಣ್ಣಿಗೆ ಬೀಳದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ಅಂಗವೈಕಲ್ಯದ ಪಟ್ಟಿಯಲ್ಲಿ ಸೇರಿಸಿದೆ. ಆದರೆ ಅದರ ಪ್ರಮಾಣ ಅಳೆದು ಪ್ರಮಾಣಪತ್ರ ಕೊಡಲು ಮನೋವೈದ್ಯರು ಬೇಕು. ಅವರಿಲ್ಲದ ಕಡೆ, ದುಡಿಯಲಾರದ ಮಗನನ್ನು ಸಾಕುತ್ತಿರುವ ಮುದಿ ತಾಯಿ ಮಾಸಾಶನದ ಅರ್ಜಿ ಹಿಡಿದು ಒಂದು ಸಹಿಗಾಗಿ ಅಲೆಯಬೇಕಾಗುತ್ತದೆ.

ಹಾಗೆಂದು ವಿದ್ಯಾರ್ಥಿಗಳಿಗೆ ಉಪದೇಶ ಮಾಡಿ ಕೈತೊಳೆದುಕೊಂಡರೆ ಸಾಲದು. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ನಡೆಸುವ ವ್ಯವಸ್ಥೆಯಿದೆ. 1961ರಷ್ಟು ಹಿಂದೆಯೇ ಆರಂಭವಾದ ಬಳ್ಳಾರಿಯ ಕಾಲೇಜು, ಆಮೇಲೆ ಬಂದ ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಮತ್ತು ಖಾಸಗಿ ಕಾಲೇಜುಗಳು ಇಂಟರ್ನ್‌ಶಿಪ್‌ನ ಆ 2 ವಾರಗಳನ್ನು ಕಾಲೇಜಿನ ಓಪಿಡಿಯ ಮೂಲೆಯಲ್ಲಿ ಕಳೆಯಗೊಡದೆ, ಕೆಲವು ದಿನವಾದರೂ ಇಂಥ ಕ್ಲಿನಿಕ್‌ಗಳಿಗೆ, ಜಿಲ್ಲಾ ತಂಡದ ಜೊತೆ ರೋಗಿಗಳ ಮನೆಗಳಿಗೆ ಕಳಿಸಿಕೊಡಲಿ. ಆಸ್ಪತ್ರೆಗೆ ಬಂದಾಗ ಕೂಗಾಡುತ್ತಿದ್ದವನನ್ನು ಮಾತ್ರ ನೋಡುವ ವಿದ್ಯಾರ್ಥಿ, ಅದೇ ವ್ಯಕ್ತಿ ಔಷಧ ತೆಗೆದುಕೊಂಡು ಆರು ತಿಂಗಳಾದ ಮೇಲೆ ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿರುವುದನ್ನು ನೋಡುವುದೇ ಇಲ್ಲ. ಈ ವಿಭಾಗದಲ್ಲಿ ಯಾರೂ ಗುಣವಾಗುವುದಿಲ್ಲ ಎಂಬ ತಪ್ಪು ತಿಳಿವಳಿಕೆ ಅಲ್ಲಿಂದಲೇ ಹುಟ್ಟುತ್ತದೆ. ವಿಷ ಕುಡಿದು ಬದುಕಿದ ಪ್ರತಿಯೊಬ್ಬರನ್ನೂ ಮನೋವೈದ್ಯರು ನೋಡದೆ ಡಿಸ್ಚಾರ್ಜ್ ಮಾಡಬಾರದು ಎಂಬ ನಿಯಮವನ್ನು ಕಾಲೇಜು ಆಸ್ಪತ್ರೆಗಳು ತಾವೇ ಮಾಡಿಕೊಳ್ಳಬಹುದು, ಅದಕ್ಕೆ ಬೆಂಗಳೂರಿನ ಆದೇಶವೇನೂ ಬೇಕಿಲ್ಲ.

ಸರ್ಕಾರ ಮಾಡಬೇಕಾದದ್ದೂ ಇದೆ. ಸಂವಿಧಾನದ 371(ಜೆ) ವಿಧಿಯ ಫಲವಾಗಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಇಲ್ಲಿನ ಮಕ್ಕಳಿಗೆ ಮೀಸಲಾಗಿದೆ. ಹೀಗೆ ಓದಿ ಬಂದವರು ಮನೋವೈದ್ಯಕೀಯ ಆರಿಸಿಕೊಂಡರೆ ಅವರಿಗೆ ಇದೇ ಭಾಗದ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರ ಹುದ್ದೆಯನ್ನೇ ಕೊಡಬೇಕು. ಎಂಡಿ ಮುಗಿಸಿ ಬಂದವರನ್ನು ಮರಣೋತ್ತರ ಪರೀಕ್ಷೆಗೂ ಗಣ್ಯರ ಬಂದೋಬಸ್ತಿಗೂ ರಾತ್ರಿ ಪಾಳಿಗೂ ಹಚ್ಚಿದರೆ ಅವರು ಎರಡೇ ವರ್ಷದಲ್ಲಿ ರಾಜೀನಾಮೆ ಕೊಟ್ಟು ಬೆಂಗಳೂರಿನ ಹಾದಿ ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ. ಅವರ ಜೊತೆಗೆ ಒಬ್ಬ ಮನಶ್ಶಾಸ್ತ್ರಜ್ಞ, ಒಬ್ಬ ಸಮಾಜ ಕಾರ್ಯಕರ್ತ, ತಪ್ಪದೆ ಸರಬರಾಜಾಗುವ ಮಾತ್ರೆಗಳು ಇರಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದವರಿಗೆ ಫೋನಿನಲ್ಲಿ ಸಾಂತ್ವನವೂ ಸಲಹೆಯೂ ಸಿಗುತ್ತದೆ ನಿಜ, ಆದರೆ ಹತ್ತಿರದ ಆಸ್ಪತ್ರೆಗೆ ಹೋಗಿ ಎಂದು ಅವರು ಹೇಳಿದಾಗ ಆ ಹತ್ತಿರದ ಆಸ್ಪತ್ರೆಯಲ್ಲಿ ಯಾರಾದರೂ ಇರಬೇಕಲ್ಲವೇ? ಕಾಯ್ದೆ ಜಾರಿಗೆ ಬಂದ ಹತ್ತು ವರ್ಷದೊಳಗೆ ಜನಸಂಖ್ಯೆಗೆ ತಕ್ಕಷ್ಟು ಮಾನಸಿಕ ಆರೋಗ್ಯ ಸಿಬ್ಬಂದಿಯನ್ನು ಹೊಂದಲು ಸರ್ಕಾರಗಳು ಪ್ರಯತ್ನಿಸಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 31ನೇ ಸೆಕ್ಷನ್ ಹೇಳುತ್ತದೆ. ಕಾಯ್ದೆ ಜಾರಿಯಾದದ್ದು 2018ರ ಮೇ ತಿಂಗಳಲ್ಲಿ, ಗಡುವು 2028. ಎಂಡಿ ಓದಲು ಹಿಡಿಯುವುದೇ ಮೂರು ವರ್ಷ ಎಂಬುದನ್ನು ನಮ್ಮ ಶಾಸಕರೂ ಸಂಸದರೂ ಲೆಕ್ಕ ಹಾಕಿ ನೋಡಲಿ.

ಆಯ್ಕೆಯ ಪಟ್ಟಿ ತುಂಬಲು ಕುಳಿತಿರುವ ವಿದ್ಯಾರ್ಥಿಗಳಿಗೆ ನನ್ನದೊಂದು ವಿನಂತಿಯಿದೆ. ನಿಮ್ಮ ಊರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಯಾವ ಮಂಗಳವಾರ ಇದೆ ಎಂದು ವಿಚಾರಿಸಿಕೊಂಡು ಒಂದು ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಲ್ಲಿ ಕುಳಿತುಬನ್ನಿ. ಬಂದಿರುವ ವೈದ್ಯರಿಗೆ ನಿಮ್ಮ ಪರಿಚಯ ಹೇಳಿ ಅನುಮತಿ ಕೇಳಿದರೆ ಬೇಡವೆನ್ನಲಾರರು; ರೋಗಿಗಳ ಸಾಲು ನೋಡಿದರೆ, ಕೇಸ್ ಶೀಟ್ ಬರೆಯಲು ನಿಮ್ಮನ್ನೇ ಕೂರಿಸಿಕೊಂಡರೂ ಆಶ್ಚರ್ಯವಿಲ್ಲ.

ಇಂತಿ,
ಒಬ್ಬ ನಿವೃತ್ತ ಸರ್ಕಾರಿ ವೈದ್ಯ,
ಸಿರುಗುಪ್ಪ, ಬಳ್ಳಾರಿ ಜಿಲ್ಲೆ